ಅಕ್ರಿಲಿಕ್ ಪೋರಿಂಗ್: ಮೊದಲ ಸಲ ಕ್ಯಾನ್ವಾಸ್ ಮೇಲೆ ಬಣ್ಣ ಸುರಿಯುವವರಿಗೆ

ಲೋಟದಲ್ಲಿ ನಾಲ್ಕು ಬಣ್ಣ ಹಾಕಿ, ಕ್ಯಾನ್ವಾಸ್ ಮೇಲೆ ಮಗುಚಿ, ಅತ್ತಿತ್ತ ವಾಲಿಸಿದರೆ ಚಿತ್ರ ರೆಡಿ. ಅಕ್ರಿಲಿಕ್ ಪೋರಿಂಗ್ ವಿಡಿಯೊ ನೋಡಿದವರಿಗೆಲ್ಲ ಹೀಗೇ ಅನಿಸುತ್ತದೆ. ಸುರಿಯುವ ಕೆಲಸ ಐದು ನಿಮಿಷದ್ದು ಅನ್ನುವುದು ನಿಜವೇ. ಆದರೆ ಚಿತ್ರ ಚೆನ್ನಾಗಿ ಬರುತ್ತದೋ ಕೆಡುತ್ತದೋ ಅನ್ನುವುದು ಬಹುಪಾಲು ಅದಕ್ಕೂ ಮುಂಚೆ, ಬಣ್ಣ ಕಲಸುವಾಗಲೇ ತೀರ್ಮಾನವಾಗಿರುತ್ತದೆ. ಉಳಿದದ್ದು ಒಣಗಲು ಇಟ್ಟ ಮೇಲೆ ತೀರ್ಮಾನವಾಗುತ್ತದೆ. ಅದಕ್ಕೇ ಈ ಲೇಖನದಲ್ಲಿ ಸುರಿಯುವುದಕ್ಕಿಂತ ಕಲಸುವುದರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಚಿತ್ರ ಬಿಡಿಸಲು ಬರಬೇಕಾಗಿಲ್ಲ. ಬ್ರಷ್ ಹಿಡಿದು ಅಭ್ಯಾಸ ಇರಬೇಕಾಗಿಲ್ಲ. ತಾಳ್ಮೆ ಇದ್ದರೆ ಸಾಕು.

ಏನೇನು ತರಬೇಕು

ಮೊದಲ ಸಲಕ್ಕೆ 8×10 ಇಂಚಿನ ಕ್ಯಾನ್ವಾಸ್ ತೆಗೆದುಕೊಳ್ಳಿ. ಮರದ ಚೌಕಟ್ಟಿಗೆ ಬಿಗಿದದ್ದೇ ಆಗಲಿ. ರಟ್ಟಿಗೆ ಅಂಟಿಸಿದ ಕ್ಯಾನ್ವಾಸ್ ಬೋರ್ಡ್ ಅಗ್ಗ, ಆದರೆ ಅಷ್ಟೊಂದು ಒದ್ದೆ ಬಣ್ಣ ಬಿದ್ದರೆ ಅದು ಬಾಗುತ್ತದೆ. ಬಾಗಿದರೆ ಬಣ್ಣವೆಲ್ಲ ಒಂದು ಕಡೆ ಹರಿದು ಹೋಗುತ್ತದೆ. ಕ್ಯಾನ್ವಾಸ್ ಸಿಗದಿದ್ದರೆ ಗೆಸ್ಸೊ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಬಿಳಿ ಲೇಪ) ಬಳಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು ಅದಕ್ಕಿಂತ ಎಷ್ಟೋ ವಾಸಿ.

ಬಣ್ಣಕ್ಕೆ ದುಬಾರಿ ಆರ್ಟಿಸ್ಟ್ ಟ್ಯೂಬೇ ಬೇಕೆಂದಿಲ್ಲ. ಸ್ಟೇಶನರಿ ಅಂಗಡಿಯಲ್ಲಿ ಸಿಗುವ ಕ್ಯಾಮೆಲ್ ಅಥವಾ ಫೆವಿಕ್ರಿಲ್ ಅಕ್ರಿಲಿಕ್ ಸಾಕು. ಬಿಳಿ ಮಾತ್ರ ದೊಡ್ಡದು ತನ್ನಿ, ಉಳಿದ ಎಲ್ಲ ಬಣ್ಣಕ್ಕಿಂತ ಬಿಳಿಯೇ ಜಾಸ್ತಿ ಖರ್ಚಾಗುತ್ತದೆ. ಪೋಸ್ಟರ್ ಕಲರ್ ಮತ್ತು ವಾಟರ್ ಕಲರ್ ಇದಕ್ಕೆ ಆಗುವುದಿಲ್ಲ. ಅವುಗಳಲ್ಲಿ ಅಕ್ರಿಲಿಕ್ ಇರುವುದಿಲ್ಲ, ಒಣಗಿದ ಮೇಲೂ ನೀರು ತಗುಲಿದರೆ ಕರಗುತ್ತವೆ.

ಇದರ ಜೊತೆಗೆ ಬೇಕಾದದ್ದು: ಪೋರಿಂಗ್ ಮೀಡಿಯಂ (ಬಣ್ಣ ಸಲೀಸಾಗಿ ಹರಿಯಲಿ ಎಂದು ಬೆರೆಸುವ ದ್ರವ) ಅಥವಾ ಅದರ ಬದಲು ಫೆವಿಕಾಲ್ ಎಂಆರ್, ಐದಾರು ಕಾಗದದ ಲೋಟ, ಐಸ್‌ಕ್ರೀಮ್ ಕಡ್ಡಿ, ಕೈಗವಸು, ನೆಲಕ್ಕೆ ಹಾಸಲು ಪ್ಲಾಸ್ಟಿಕ್ ಹಾಳೆ, ಕ್ಯಾನ್ವಾಸ್ ಎತ್ತರಿಸಿ ಇಡಲು ಒಂದೇ ಅಳತೆಯ ನಾಲ್ಕು ಲೋಟ, ಮುಚ್ಚಿಡಲು ದೊಡ್ಡ ರಟ್ಟಿನ ಪೆಟ್ಟಿಗೆ. ಅಳತೆಗೆ ಔಷಧಿ ಬಾಟಲಿಯ ಜೊತೆ ಬರುವ ಎಂಎಲ್ ಗುರುತಿನ ಮುಚ್ಚಳ ಬಹಳ ಉಪಯೋಗಕ್ಕೆ ಬರುತ್ತದೆ. ಅಡುಗೆ ಮನೆಯ ಚಮಚ, ಲೋಟ ಬಳಸಿದರೆ ಅವನ್ನು ಮತ್ತೆ ಊಟಕ್ಕೆ ತರಬೇಡಿ. ಹಳೆ ಬಟ್ಟೆ ಹಾಕಿಕೊಳ್ಳಿ. ಬಟ್ಟೆಯ ಮೇಲೆ ಒಣಗಿದ ಅಕ್ರಿಲಿಕ್ ಹೋಗುವುದಿಲ್ಲ.

ಪೋರಿಂಗ್ ಮೀಡಿಯಂ ಬಗ್ಗೆ ಒಂದು ಮಾತು. ಅಮೆರಿಕದ ವಿಡಿಯೊಗಳಲ್ಲಿ ಎಲ್ಲರೂ ಫ್ಲೋಟ್ರಾಲ್ ಅನ್ನುತ್ತಾರೆ. ಅದು ಅಲ್ಲಿ ಮನೆಗೆ ಬಳಿಯುವ ಪೇಂಟ್ ನಯವಾಗಿ ಹರಡಲಿ ಎಂದು ಬೆರೆಸುವ ದ್ರವ, ಅಲ್ಲಿ ಅಗ್ಗ. ನಮ್ಮಲ್ಲಿ ಆಮದಾಗಿ ಬರುವಷ್ಟರಲ್ಲಿ ಬೆಲೆ ಏರಿರುತ್ತದೆ. ಕಲಿಯುವಾಗ ಫೆವಿಕಾಲ್ ಸಾಕು. ಹರಿಯುವ ಗುಣ ಕೊಡುತ್ತದೆ, ಒಣಗಿದರೆ ಪಾರದರ್ಶಕವಾಗುತ್ತದೆ. ಅದಕ್ಕೂ ಮಿತಿ ಇದೆ: ಬಿಳಿ ಅಂಟು ವರ್ಷಗಳು ಕಳೆದಂತೆ ಹಳದಿ ತಿರುಗಬಹುದು, ತೇವ ತಗುಲಿದರೆ ಮೆತ್ತಗಾಗಬಹುದು. ಹಾಗಾಗಿ ಮಾರುವ ಚಿತ್ರಕ್ಕೆ, ಯಾರಿಗಾದರೂ ಉಡುಗೊರೆ ಕೊಡುವ ಚಿತ್ರಕ್ಕೆ ಕಲಾವಿದರ ಅಕ್ರಿಲಿಕ್ ಮೀಡಿಯಂ ಕೊಂಡುಕೊಳ್ಳಿ. ದುಡ್ಡು ಕೊಟ್ಟವರಿಗೆ, ಪ್ರೀತಿಯಿಂದ ಗೋಡೆಗೆ ಹಾಕಿಕೊಳ್ಳುವವರಿಗೆ ಆ ಚಿತ್ರ ಬಾಳಿಕೆ ಬರಬೇಕು ಅಲ್ವಾ?

ಮೊದಲು ಜಾಗ, ಮಟ್ಟ

ಬಣ್ಣ ಕಲಸುವುದಕ್ಕೂ ಮುಂಚೆ ಕ್ಯಾನ್ವಾಸ್ ಎಲ್ಲಿ ಒಣಗುತ್ತದೆ ಎಂದು ನಿಶ್ಚಯ ಮಾಡಿ. ಎಲ್ಲಿ ಸುರಿಯುತ್ತೀರೋ ಅಲ್ಲೇ ಒಣಗಬೇಕು. ಒದ್ದೆ ಚಿತ್ರ ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋದರೆ ವಿನ್ಯಾಸ ಜಾರಿ ಹೋಗುತ್ತದೆ. ಕನಿಷ್ಠ ಮೂರು ದಿನ ಯಾರೂ ಮುಟ್ಟದ ಜಾಗ ಬೇಕು. ಮಕ್ಕಳು, ಬೆಕ್ಕು ಇರುವ ಮನೆಯಾದರೆ ಬಾಗಿಲು ಹಾಕುವ ಕೋಣೆಯೇ ಒಳ್ಳೆಯದು.

ಪ್ಲಾಸ್ಟಿಕ್ ಹಾಸಿ, ನಾಲ್ಕು ಲೋಟ ಬೋರಲು ಹಾಕಿ, ಅದರ ಮೇಲೆ ಕ್ಯಾನ್ವಾಸ್ ಇಡಿ. ಈಗ ಮಟ್ಟ ನೋಡಿ. ಗಾರೆ ಕೆಲಸದವರ ರಸಮಟ್ಟ ಇದ್ದರೆ ಸರಿ, ಇಲ್ಲದಿದ್ದರೆ ಮೊಬೈಲ್‌ನ ಲೆವೆಲ್ ಆ್ಯಪ್ ಸಾಕು. ಉದ್ದಕ್ಕೂ ನೋಡಿ, ಅಡ್ಡಕ್ಕೂ ನೋಡಿ. ನಮ್ಮ ಮನೆಗಳ ನೆಲ ನೀರು ಹರಿದು ಹೋಗಲಿ ಎಂದು ಸ್ವಲ್ಪ ಇಳಿಜಾರಾಗಿಯೇ ಇರುತ್ತದೆ, ಬಾಲ್ಕನಿ ಮತ್ತು ಟೆರೇಸ್‌ನಲ್ಲಂತೂ ಖಂಡಿತ. ತಗ್ಗಿದ ಕಡೆ ಲೋಟದ ಕೆಳಗೆ ರಟ್ಟಿನ ಚೂರು ತೂರಿಸಿ ಸರಿ ಮಾಡಿ.

ಕ್ಯಾನ್ವಾಸ್ ನಡುವೆ ಬೆರಳಿನಿಂದ ಒತ್ತಿ ನೋಡಿ. ಸಡಿಲ ಇದ್ದರೆ ಬಣ್ಣದ ಭಾರಕ್ಕೆ ನಡುವೆ ಗುಳಿ ಬಿದ್ದು ಅಲ್ಲೇ ಬಣ್ಣ ನಿಂತುಬಿಡುತ್ತದೆ. ಹಿಂದಿನಿಂದ ಸ್ವಲ್ಪ ನೀರು ಚಿಮುಕಿಸಿ ಒಣಗಲು ಬಿಟ್ಟರೆ ಬಟ್ಟೆ ಬಿಗಿಯಾಗುತ್ತದೆ. ಕೆಲವು ಕ್ಯಾನ್ವಾಸ್ ಜೊತೆಗೆ ಚಿಕ್ಕ ಮರದ ಬೆಣೆಗಳು ಬರುತ್ತವೆ. ಅವನ್ನು ಬಿಸಾಡಬೇಡಿ, ಚೌಕಟ್ಟಿನ ಮೂಲೆಗಳಲ್ಲಿ ಸಿಕ್ಕಿಸಿ ಬಿಗಿ ಮಾಡಲೆಂದೇ ಕೊಟ್ಟಿರುವುದು.

ಕಲಸುವುದು

ಮೊದಲು ಲೆಕ್ಕ. ಕ್ಯಾನ್ವಾಸ್‌ನ ಉದ್ದ ಅಗಲವನ್ನು ಇಂಚಿನಲ್ಲಿ ಗುಣಿಸಿ, ಬಂದದ್ದನ್ನು ಒಂದೂವರೆಯಿಂದ ಗುಣಿಸಿ. ಸುಮಾರು ಅಷ್ಟು ಎಂಎಲ್ ಕಲಸಿದ ಬಣ್ಣ ಬೇಕು. 8×10 ಅಂದರೆ 80, ಅದರ ಒಂದೂವರೆ ಪಟ್ಟು 120 ಎಂಎಲ್. 12×12 ಆದರೆ ಸುಮಾರು 215. ಅಂಚಿನಿಂದ ಕೆಳಗೆ ಸುರಿದು ಹೋಗುವುದೂ ಈ ಲೆಕ್ಕದಲ್ಲೇ ಸೇರಿದೆ. ಬಣ್ಣ ಕಡಿಮೆ ಮಾಡಿಕೊಂಡರೆ ಮೂಲೆ ಮುಚ್ಚಲು ಎಳೆದಾಡಬೇಕಾಗುತ್ತದೆ, ಆಗ ನಡುವಿನ ವಿನ್ಯಾಸವೂ ಹಿಗ್ಗಿ ಕೆಡುತ್ತದೆ.

ಮೀಡಿಯಂ ಹೀಗೆ ಮಾಡಿ: ಎರಡು ಪಾಲು ಫೆವಿಕಾಲ್, ಒಂದು ಪಾಲು ನೀರು. ನಿಧಾನ ಕಲಸಿ. ಇದನ್ನು ಹಿಂದಿನ ರಾತ್ರಿಯೇ ಮಾಡಿ ಮುಚ್ಚಿಟ್ಟರೆ ಒಳಗಿನ ಗಾಳಿ ಗುಳ್ಳೆ ತಾನಾಗಿ ಮೇಲೆ ಬಂದು ಒಡೆಯುತ್ತದೆ.

ಆಮೇಲೆ ಒಂದು ಪಾಲು ಬಣ್ಣಕ್ಕೆ ಎರಡು ಪಾಲು ಈ ಮೀಡಿಯಂ. 8×10ಕ್ಕೆ ಬಿಳಿ ಬಣ್ಣ 20 ಎಂಎಲ್, ಮೀಡಿಯಂ 40. ಉಳಿದ ಮೂರು ಬಣ್ಣ ತಲಾ 7 ಎಂಎಲ್, ಮೀಡಿಯಂ ತಲಾ 14. ಪ್ರತಿ ಬಣ್ಣಕ್ಕೂ ಬೇರೆ ಲೋಟ, ಬೇರೆ ಕಡ್ಡಿ. ಲೋಟಕ್ಕೆ ಮೊದಲು ಬಣ್ಣ ಹಾಕಿ, ಮೀಡಿಯಂ ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗಿ. ಎಲ್ಲ ಒಮ್ಮೆಗೇ ಸುರಿದರೆ ತಳದಲ್ಲಿ ಗಂಟು ಉಳಿಯುತ್ತದೆ. ಕಡ್ಡಿಯನ್ನು ತಳಕ್ಕೆ ತಾಗಿಸಿ ತಿರುಗಿಸಿ, ಮೇಲೆ ಕೆಳಗೆ ಬಡಿಯಬೇಡಿ. ಬಡಿದಷ್ಟೂ ಗಾಳಿ ಒಳಗೆ ಹೋಗುತ್ತದೆ.

ಈಗ ಹದ. ನೀರು ದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು ಅಂದರೆ ಮೊದಲ ಅಂದಾಜು ಸಿಗುತ್ತದೆ. ಅಲ್ಲಿಂದ ಮುಂದೆ ಕಣ್ಣಿನಿಂದ ನೋಡಿಯೇ ತಿಳಿಯಬೇಕು. ಕಡ್ಡಿಯನ್ನು ಅದ್ದಿ ಲೋಟದ ಮೇಲೆ ಎತ್ತಿ ಹಿಡಿಯಿರಿ. ಬಣ್ಣ ಹನಿ ಹನಿಯಾಗಿ ಬೀಳದೆ ಒಂದೇ ಎಳೆಯಾಗಿ ಇಳಿಯಬೇಕು. ಕೆಳಗೆ ಬಿದ್ದ ಎಳೆ ಮೇಲ್ಮೈಯಲ್ಲಿ ಚಿಕ್ಕ ದಿಬ್ಬವಾಗಿ ನಿಲ್ಲುತ್ತದೆ. ಆ ದಿಬ್ಬವನ್ನೇ ನೋಡುತ್ತಿರಿ. ಒಂದೆರಡು ಸೆಕೆಂಡಿನಲ್ಲಿ ಕರಗಿ ಮಟ್ಟವಾದರೆ ಹದ ಬಂದಿದೆ. ಐದು ಸೆಕೆಂಡ್ ಆದರೂ ಗುರುತು ಹಾಗೇ ಇದ್ದರೆ ಗಟ್ಟಿ ಆಯಿತು, ಅರ್ಧ ಚಮಚ ನೀರು ಹಾಕಿ. ದಿಬ್ಬವೇ ಏಳದೆ ಬಣ್ಣ ಬಿದ್ದಲ್ಲೇ ಮಾಯವಾದರೆ ತೆಳು ಆಯಿತು, ಬಣ್ಣ ಅಥವಾ ಫೆವಿಕಾಲ್ ಸೇರಿಸಿ.

ನೀರು ಮಾತ್ರ ಕೈ ಬಿಗಿ ಹಿಡಿದು ಹಾಕಿ. ಬಣ್ಣದ ಕಣಗಳನ್ನು ಹಿಡಿದಿಡುವ ಅಂಟು ನೀರು ಜಾಸ್ತಿಯಾದರೆ ದುರ್ಬಲವಾಗುತ್ತದೆ. ಬಣ್ಣಗಳು ಒಂದರೊಳಗೊಂದು ಸೋರಿಕೊಂಡು ಗೆರೆಗಳು ಅಳಿಸಿ ಹೋಗುತ್ತವೆ, ಒಣಗಿದ ಮೇಲೆ ಬಿರುಕು ಬಿಡುವ ಸಾಧ್ಯತೆಯೂ ಇರುತ್ತದೆ.

ಇನ್ನೊಂದು ವಿಷಯ, ಅಳತೆಗಿಂತ ಮುಖ್ಯವಾದದ್ದು. ಎಲ್ಲ ಲೋಟಗಳ ಹದ ಒಂದೇ ಇರಬೇಕು. ಟ್ಯೂಬಿನ ಬಣ್ಣ ಗಟ್ಟಿ, ಪುಟ್ಟ ಬಾಟಲಿಯ ಫ್ಯಾಬ್ರಿಕ್ ಅಕ್ರಿಲಿಕ್ ತೆಳು. ಒಂದೇ ಅಳತೆಯಲ್ಲಿ ಮೀಡಿಯಂ ಹಾಕಿದರೆ ಎರಡೂ ಬೇರೆ ಬೇರೆ ಹದಕ್ಕೆ ಬರುತ್ತವೆ. ಗಟ್ಟಿ ಬಣ್ಣ ಒಂದೇ ಕಡೆ ಕೂತಿರುತ್ತದೆ, ತೆಳು ಬಣ್ಣ ಅದನ್ನು ದಾಟಿ ಅಂಚಿನಿಂದ ಹೊರಗೆ ಹರಿಯುತ್ತದೆ. ಹಾಗಾಗಿ ಕೊನೆಗೆ ಎಲ್ಲ ಲೋಟಗಳನ್ನೂ ಸಾಲಾಗಿಟ್ಟು ದಿಬ್ಬದ ಪರೀಕ್ಷೆ ಮತ್ತೊಮ್ಮೆ ಮಾಡಿ. ಒಂದಕ್ಕೊಂದು ಹೋಲಿಸಿ ಸರಿಪಡಿಸಿ. ಆಮೇಲೆ ಮುಚ್ಚಿ ಅರ್ಧ ಗಂಟೆ ಸುಮ್ನೆ ಬಿಡಿ.

ಬಣ್ಣಕ್ಕೂ ತೂಕ ಇದೆ

ಪೋರಿಂಗ್ ಚಿತ್ರಗಳಲ್ಲಿ ಬಿಳಿಯ ನಡುವೆ ದುಂಡು ದುಂಡಾಗಿ ಬೇರೆ ಬಣ್ಣ ಇಣುಕುತ್ತದಲ್ಲ, ಅವನ್ನು ಸೆಲ್ ಅನ್ನುತ್ತಾರೆ. ಎಲ್ಲರಿಗೂ ಅದೇ ಬೇಕು. ಅದು ಬರಲು ಸಿಲಿಕೋನ್ ಎಣ್ಣೆ ಬೇಕೇ ಬೇಕು ಎಂದು ಹೇಳುವವರು ಬಹಳ. ಹಾಗೇನಿಲ್ಲ, ಬಣ್ಣಗಳ ತೂಕದ ವ್ಯತ್ಯಾಸದಿಂದಲೇ ಸೆಲ್ ಬರುತ್ತವೆ.

1936ರಲ್ಲಿ ಮೆಕ್ಸಿಕೊದ ಚಿತ್ರಕಾರ ಡೇವಿಡ್ ಅಲ್ಫಾರೊ ಸಿಕೆರೋಸ್ ನ್ಯೂಯಾರ್ಕ್‌ನಲ್ಲಿ ಒಂದು ಪ್ರಯೋಗಶಾಲೆ ನಡೆಸಿದರು. ಮುಂದೆ ಬಣ್ಣ ಚಿಮುಕಿಸಿ ಮಾಡಿದ ಚಿತ್ರಗಳಿಂದ ಹೆಸರಾದ ಜಾಕ್ಸನ್ ಪೊಲಾಕ್ ಕೂಡ ಅಲ್ಲಿದ್ದರು. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಕಲಾವಿದರ ಕೈಗೆ ಬಂದದ್ದು 1950ರ ದಶಕದಲ್ಲಿ, ಹಾಗಾಗಿ ಸಿಕೆರೋಸ್ ಬಳಸಿದ್ದು ಕಾರಿಗೆ ಹೊಡೆಯುವಂಥ ಪೇಂಟು. ಹಲಗೆ ಮಲಗಿಸಿ ಒಂದು ಬಣ್ಣದ ಮೇಲೆ ಇನ್ನೊಂದು ಸುರಿದು ಬಿಟ್ಟರು. ಬಣ್ಣಗಳು ತಾವೇ ಒಂದರೊಳಗೊಂದು ತೂರಿಕೊಂಡು ವಿಚಿತ್ರ ಆಕಾರ ತಾಳಿದವು. ಅವರು ಅದನ್ನು ಆಕಸ್ಮಿಕ ಚಿತ್ರಕಲೆ ಎಂದು ಕರೆದರು. 2015ರಲ್ಲಿ ಮೆಕ್ಸಿಕೊದ ಸಂಶೋಧಕರು ಅದನ್ನೇ ಪ್ರಯೋಗಾಲಯದಲ್ಲಿ ಮರಳಿ ಮಾಡಿ ನೋಡಿ ಕಾರಣ ವಿವರಿಸಿದರು. ಭಾರದ ದ್ರವ ಹಗುರ ದ್ರವದ ಮೇಲಿದ್ದರೆ ಆ ಸ್ಥಿತಿ ಉಳಿಯುವುದಿಲ್ಲ. ಭಾರದ್ದು ಕೆಳಗೆ ಇಳಿಯುತ್ತದೆ, ಹಗುರದ್ದು ಅಲ್ಲಲ್ಲಿ ಮೇಲೆ ಏಳುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ರೇಲಿ–ಟೇಲರ್ ಅಸ್ಥಿರತೆ ಅನ್ನುತ್ತಾರೆ.

ನಮಗೆ ಇದರಿಂದ ಸಿಗುವ ಲಾಭ ನೇರವಾಗಿದೆ. ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ನೀರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಸಾಂದ್ರ. ಬರ್ಂಟ್ ಸಿಯೆನ್ನಾ, ಯೆಲ್ಲೋ ಓಕರ್‌ನಂಥ ಮಣ್ಣಿನ ಬಣ್ಣಗಳಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅವೂ ಭಾರ. ಕಾರ್ಬನ್ ಕಪ್ಪು, ಥಾಲೊ (phthalo) ಎಂಬ ಕೃತಕ ವರ್ಣದ್ರವ್ಯದ ನೀಲಿ, ಹಸಿರು ಹಗುರ. ಹಾಗಾಗಿ ಕ್ಯಾನ್ವಾಸ್ ಮೇಲೆ ಬಿಳಿ ಮೇಲಿರಬೇಕು, ನೀಲಿ ಕೆಳಗಿರಬೇಕು. ನೀಲಿ ಬಿಳಿಯನ್ನು ಸೀಳಿಕೊಂಡು ಮೇಲೆ ಬರುತ್ತದೆ. ಸೆಲ್ ಅಂದರೆ ಅದೇ.

ಲೋಟ ಮಗುಚಿದಾಗ ಕ್ರಮ ತಿರುಗುತ್ತದೆ ಅನ್ನುವುದನ್ನು ನೆನಪಿಡಿ. ಲೋಟದ ತಳದಲ್ಲಿ ಇದ್ದದ್ದು ಮೇಲೆ ಬರುತ್ತದೆ. ಅಂದರೆ ಬಿಳಿಯನ್ನು ಎಲ್ಲಕ್ಕಿಂತ ಮೊದಲು ಲೋಟಕ್ಕೆ ಹಾಕಬೇಕು. ಭಾರದ್ದು ತಳದಲ್ಲಿ ಇರುವಷ್ಟು ಹೊತ್ತು ಲೋಟದೊಳಗೆ ಏನೂ ಕದಡುವುದಿಲ್ಲ, ಮಗುಚಿದ ಕ್ಷಣದಿಂದ ಆಟ ಶುರು. ಈ ಒಂದು ಕ್ರಮ ಸರಿಯಾಗಿದ್ದರೆ ಸಿಲಿಕೋನ್ ಇಲ್ಲದೆಯೇ ಸೆಲ್ ಬರುತ್ತವೆ. ಸಿಲಿಕೋನ್ ಎಣ್ಣೆಯ ತೊಂದರೆ ಏನೆಂದರೆ, ಚಿತ್ರ ಒಣಗಿದ ಮೇಲೆ ಅದು ಜಿಡ್ಡಾಗಿ ಮೇಲೆ ನಿಲ್ಲುತ್ತದೆ. ಅದನ್ನು ಪೂರ್ತಿ ತೆಗೆಯದಿದ್ದರೆ ವಾರ್ನಿಶ್ ಹಿಡಿಯುವುದಿಲ್ಲ. ಹೊಸಬರು ಅದನ್ನು ಬಿಟ್ಟುಬಿಡುವುದೇ ಸರಿ.

ಬಣ್ಣಗಳ ಆಯ್ಕೆಯಲ್ಲಿ ಒಂದೇ ಎಚ್ಚರಿಕೆ. ಕೆಂಪು–ಹಸಿರು, ನೀಲಿ–ಕಿತ್ತಳೆ, ಹಳದಿ–ನೇರಳೆ ಜೋಡಿಗಳು ಬೆರೆತರೆ ಕೆಸರಿನ ಕಂದು ಬರುತ್ತದೆ. ಮೊದಲ ಸಲ ಇವನ್ನು ಅಕ್ಕಪಕ್ಕ ತರಬೇಡಿ. ಥಾಲೊ ನೀಲಿ, ಟರ್ಕಾಯ್ಸ್, ಚಿನ್ನದ ಬಣ್ಣ ಮತ್ತು ಬಿಳಿ ಹೊಸಬರ ಕೈಯಲ್ಲಿ ಕೆಡುವುದು ಕಷ್ಟ. ಥಾಲೊ ನೀಲಿ ಬಹಳ ತೀಕ್ಷ್ಣ, 7 ಎಂಎಲ್ ಬದಲು 4 ಎಂಎಲ್ ಬಣ್ಣ ಹಾಕಿ, ಕಡಿಮೆಯಾದಷ್ಟು ಮೀಡಿಯಂ ಸೇರಿಸಿದರೂ ಸಾಕು. ಇನ್ನೊಂದು, ಒದ್ದೆಯಲ್ಲಿ ಕಾಣುವ ಬಣ್ಣ ಒಣಗಿದಾಗ ಇರುವುದಿಲ್ಲ. ಒದ್ದೆ ಅಂಟು ಹಾಲಿನ ಬಣ್ಣದ್ದು, ಒಣಗಿದರೆ ಪಾರದರ್ಶಕ. ಹಾಗಾಗಿ ಎಲ್ಲವೂ ಒಂದು ಮಟ್ಟ ಗಾಢವಾಗುತ್ತದೆ. ಲೋಟದಲ್ಲಿ ಸ್ವಲ್ಪ ತಿಳಿಯಾಗಿ ಕಂಡರೆ ಗಾಬರಿಯಾಗಿ ಬಣ್ಣ ಸೇರಿಸಬೇಡಿ.

ಬಣ್ಣವನ್ನು ತನ್ನ ಪಾಡಿಗೆ ಹರಿಯಲು ಬಿಟ್ಟು ಚಿತ್ರ ಮಾಡುವುದು ನಮ್ಮ ನೆಲಕ್ಕೂ ಹೊಸತಲ್ಲ. 17ನೇ ಶತಮಾನದಲ್ಲಿ ದಖ್ಖನಿನಲ್ಲಿ, ಮುಖ್ಯವಾಗಿ ಆದಿಲ್‌ಶಾಹಿಗಳ ವಿಜಯಪುರದ್ದೆಂದು ಗುರುತಿಸುವ ಅಬ್ರಿ ಚಿತ್ರಗಳಿವೆ. ದ್ರವದ ಮೇಲೆ ಬಣ್ಣ ತೇಲಿಸಿ, ಅದನ್ನು ಕಾಗದಕ್ಕೆ ಎತ್ತಿಕೊಂಡು, ಆ ಅಲೆಗಳಲ್ಲೇ ಬಡಕಲು ಕುದುರೆಯನ್ನೂ ಸವಾರನನ್ನೂ ಮೂಡಿಸಿದ್ದಾರೆ. ವಿಧಾನ ಬೇರೆ, ಆದರೆ ಅವನ್ನು ಒಮ್ಮೆ ಹುಡುಕಿ ನೋಡಿ. ಹರಿಯುವ ಬಣ್ಣದ ಮೇಲೆ ಎಷ್ಟು ಹಿಡಿತ ಸಾಧ್ಯ ಅನ್ನುವುದು ಗೊತ್ತಾಗುತ್ತದೆ.

ಸುರಿಯುವುದು

ಮೊದಲ ಸಲಕ್ಕೆ ಫ್ಲಿಪ್ ಕಪ್, ಅಂದರೆ ಲೋಟ ಮಗುಚುವ ವಿಧಾನವೇ ಸುಲಭ.

1. ಕಲಸಿದ ಬಿಳಿಯಲ್ಲಿ 40 ಎಂಎಲ್ ಕ್ಯಾನ್ವಾಸ್ ಮೇಲೆ ಸುರಿದು, ಕೈಗವಸಿನ ಬೆರಳಿನಿಂದ ತೆಳ್ಳಗೆ ಹರಡಿ. ನಾಲ್ಕು ಬದಿಗೂ ಹಚ್ಚಿ. ಈ ಒದ್ದೆ ತಳದ ಮೇಲೆ ಬಣ್ಣ ಸಲೀಸಾಗಿ ಜಾರುತ್ತದೆ.

2. ಖಾಲಿ ಲೋಟಕ್ಕೆ ಉಳಿದ ಬಿಳಿಯಲ್ಲಿ ಮುಕ್ಕಾಲು ಭಾಗ ಹಾಕಿ. ಅದರ ಮೇಲೆ ಚಿನ್ನ, ಟರ್ಕಾಯ್ಸ್, ನೀಲಿ. ಲೋಟ ಸ್ವಲ್ಪ ವಾಲಿಸಿ ಒಳಗೋಡೆಯ ಮೇಲೆ ಇಳಿಬಿಟ್ಟರೆ ಪದರ ಕದಡುವುದಿಲ್ಲ. ಎರಡು ಸುತ್ತು ಮಾಡಬಹುದು, ಎರಡನೇ ಸುತ್ತಿಗೆ ಮಿಕ್ಕ ಬಿಳಿ ಹಾಕಿ. ಕಡ್ಡಿಯಿಂದ ಕಲಕಬೇಡಿ.

3. ಲೋಟದ ಬಾಯಿಗೆ ಗಟ್ಟಿ ಕಾರ್ಡ್ ಮುಚ್ಚಿ, ಮಗುಚಿ, ಕ್ಯಾನ್ವಾಸ್ ನಡುವೆ ಇಟ್ಟು ಕಾರ್ಡ್ ಎಳೆದುಕೊಳ್ಳಿ. ಒಂದು ನಿಮಿಷ ಕಾಯಿರಿ, ಲೋಟದ ಗೋಡೆಗೆ ಅಂಟಿದ ಬಣ್ಣ ಇಳಿಯಲಿ.

4. ಲೋಟವನ್ನು ನೇರವಾಗಿ ಮೇಲಕ್ಕೆ ಎತ್ತಿ. ಬಣ್ಣ ಗುಪ್ಪೆಯಾಗಿ ಬಿದ್ದು ವೃತ್ತದಲ್ಲಿ ಹರಡುತ್ತದೆ. ಅರ್ಧ ನಿಮಿಷ ಏನೂ ಮಾಡದೆ ನೋಡುತ್ತಾ ನಿಲ್ಲಿ. ಬಿಳಿಯ ಮೇಲೆ ಮೊದಲು ಸಾಸಿವೆಯಷ್ಟು ನೀಲಿ ಚುಕ್ಕೆಗಳು ಏಳುತ್ತವೆ. ನೋಡುತ್ತಿದ್ದಂತೆಯೇ ಅಗಲವಾಗಿ, ಪಕ್ಕದ ಚುಕ್ಕೆಗೆ ತಾಗಿ, ನಡುವೆ ತೆಳು ಬಿಳಿ ಗೆರೆ ಉಳಿಸುತ್ತವೆ. ಇದನ್ನು ನೋಡುವುದಕ್ಕಾಗಿಯೇ ಈ ಕೆಲಸ ಮಾಡಬಹುದು.

5. ಈಗ ಕ್ಯಾನ್ವಾಸ್ ಎತ್ತಿ ಒಂದು ಮೂಲೆಯತ್ತ ನಿಧಾನವಾಗಿ ವಾಲಿಸಿ. ಬಣ್ಣ ಮೂಲೆ ಮುಟ್ಟಿದ ಕೂಡಲೇ ಮತ್ತೆ ಮಟ್ಟಕ್ಕೆ ತನ್ನಿ, ಬಣ್ಣ ನಡುವಿಗೆ ಮರಳಲಿ. ಆಮೇಲೆ ಮುಂದಿನ ಮೂಲೆ. ಕೈ ಅವಸರ ಮಾಡಿದರೆ ಸೆಲ್‌ಗಳು ಉದ್ದಕ್ಕೆ ಎಳೆದುಕೊಂಡು ಬರೀ ಗೆರೆಗಳಾಗುತ್ತವೆ.

ನಾಲ್ಕು ಮೂಲೆ ಮುಚ್ಚಿದ ಮೇಲೆ ನಿಲ್ಲಿಸಿ. ಇನ್ನೊಂಚೂರು ವಾಲಿಸಿದರೆ ಇನ್ನೂ ಚೆನ್ನಾಗಿರುತ್ತದೆ ಅನಿಸುತ್ತದೆ, ಆದರೆ ಇಷ್ಟವಾದ ಭಾಗ ಅಂಚಿನಿಂದ ಜಾರಿ ಹೋಗುವುದು ಆಗಲೇ. ಬದಿಯಲ್ಲಿ ಖಾಲಿ ಉಳಿದ ಕಡೆ ಕೆಳಗೆ ಬಿದ್ದ ಬಣ್ಣ ಬೆರಳಿಗೆ ತೆಗೆದು ಹಚ್ಚಿ. ಎದ್ದ ಗುಳ್ಳೆಗಳನ್ನು ಸೂಜಿಯಿಂದ ಚುಚ್ಚಿ. ಗ್ಯಾಸ್ ಟಾರ್ಚ್ ಮೊದಲ ಚಿತ್ರಕ್ಕೆ ಬೇಕಾಗಿಲ್ಲ. ಬಳಸುವವರು ಪ್ಲಾಸ್ಟಿಕ್ ಹಾಳೆಯಿಂದ ದೂರವಿಟ್ಟು, ಒಂದೇ ಕಡೆ ನಿಲ್ಲಿಸದೆ ಸರಸರನೆ ಆಡಿಸಬೇಕು, ಇಲ್ಲದಿದ್ದರೆ ಬಣ್ಣ ಸುಟ್ಟು ಚರ್ಮ ಕಟ್ಟುತ್ತದೆ.

ಒಣಗಿಸುವುದು

ಹತ್ತು ನಿಮಿಷ ಬಿಟ್ಟು ಮಟ್ಟವನ್ನು ಮತ್ತೊಮ್ಮೆ ನೋಡಿ. ಅಂಚಿನ ಕೆಳಗೆ ನೇತಾಡುವ ಹನಿಗಳನ್ನು ಕಡ್ಡಿಯಿಂದ ಸವರಿ ತೆಗೆಯಿರಿ. ಅವು ಒಣಗಿದರೆ ಚಿತ್ರ ಗೋಡೆಗೆ ಸರಿಯಾಗಿ ಕೂರುವುದಿಲ್ಲ, ಜೊತೆಗೆ ಮೇಲಿನ ಬಣ್ಣವನ್ನೂ ಎಳೆಯುತ್ತಲೇ ಇರುತ್ತವೆ.

ಆಮೇಲೆ ರಟ್ಟಿನ ಪೆಟ್ಟಿಗೆ ಬೋರಲು ಮುಚ್ಚಿ, ಗಾಳಿಯಾಡಲು ಒಂದು ಬದಿ ಬೆರಳಿನಷ್ಟು ಎತ್ತರಿಸಿ. ಧೂಳು, ಸೊಳ್ಳೆ, ಕೂದಲು ಯಾವುದೂ ಬೀಳದಿರಲಿ. ಫ್ಯಾನ್ ಹಾಕಬೇಡಿ, ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಮೇಲ್ಪದರ ಬೇಗ ಒಣಗಿ ಕುಗ್ಗಿದಾಗ ಒಳಗಿನದು ಇನ್ನೂ ಒದ್ದೆಯೇ ಇರುತ್ತದೆ, ಆಗ ಮೇಲೆ ಬಿರುಕು ಬೀಳುತ್ತದೆ. ಬಣ್ಣ ದಪ್ಪ ನಿಂತ ಕಡೆ ಈ ಬಿರುಕು ಮೊದಲು ಕಾಣುತ್ತದೆ.

ಇಲ್ಲಿ ಊರಿನ ಹವೆ ಲೆಕ್ಕಕ್ಕೆ ಬರುತ್ತದೆ. ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಮಧ್ಯಾಹ್ನ ಸುರಿದರೆ ವಾಲಿಸಿ ಮುಗಿಸುವಷ್ಟರಲ್ಲೇ ಮೇಲ್ಮೈ ಬಿಗಿಯಲು ಶುರುವಾಗಬಹುದು. ಅಲ್ಲಿನವರು ಸಂಜೆ ತಂಪಾದ ಮೇಲೆ ಸುರಿಯಲಿ, ಪೆಟ್ಟಿಗೆಯ ಸಂದು ಕಡಿಮೆ ಇಡಲಿ. ಮಂಗಳೂರು, ಉಡುಪಿ, ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ. ಗಾಳಿಯಲ್ಲೇ ತೇವ ತುಂಬಿರುವುದರಿಂದ ಮೂರು ದಿನದ ಜಾಗದಲ್ಲಿ ಐದಾರು ದಿನ ಬೇಕಾಗಬಹುದು, ಸಂದು ದೊಡ್ಡದಿಡಿ. ಮೇಲೆ ಒಣಗಿದಂತೆ ಕಂಡರೂ ಬೆರಳೊತ್ತಿ ನೋಡಬೇಡಿ, ಅಚ್ಚು ಉಳಿಯುತ್ತದೆ. ಪರೀಕ್ಷೆ ಮಾಡಲೇಬೇಕೆಂದರೆ ಕೆಳಗಿನ ಪ್ಲಾಸ್ಟಿಕ್ ಮೇಲೆ ಬಿದ್ದ ದಪ್ಪ ಹನಿಯನ್ನು ಒತ್ತಿ ನೋಡಿ.

ಮೊದಲ ಕೆಲವು ಗಂಟೆ ಬಣ್ಣ ಒಳಗೊಳಗೇ ಹರಿಯುತ್ತಿರುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಸೆಲ್ ದೊಡ್ಡದಾಗಿರಬಹುದು, ಕೆಲವು ಮುಚ್ಚಿಹೋಗಿರಬಹುದು. ಇಷ್ಟವಾದರೆ ಸುರಿದ ಕೂಡಲೇ ಒಂದು ಫೋಟೊ ತೆಗೆದಿಡಿ. ಅದರ ಪಕ್ಕ ಹದ, ಅಳತೆ, ಲೋಟಕ್ಕೆ ಹಾಕಿದ ಕ್ರಮ ಬರೆದಿಟ್ಟರೆ ಮುಂದಿನ ಸಲ ಯಾವುದನ್ನು ಬದಲಿಸಬೇಕೆಂದು ತಿಳಿಯುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಉಳಿದ ಬಣ್ಣ

ಮಿಕ್ಕ ಬಣ್ಣವನ್ನು ಸಿಂಕ್‌ಗೆ ಸುರಿಯಬೇಡಿ. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್. ಪೈಪಿನೊಳಗೆ ಗಟ್ಟಿಯಾಗುತ್ತದೆ, ಹರಿದು ಹೋದದ್ದು ಕೆರೆ, ಹೊಳೆ ಸೇರುತ್ತದೆ. ಲೋಟದಲ್ಲೇ ಒಣಗಲು ಬಿಟ್ಟರೆ ಸಿಪ್ಪೆಯಂತೆ ಕಿತ್ತುಬರುತ್ತದೆ, ಒಣ ಕಸಕ್ಕೆ ಹಾಕಿ. ಕಡ್ಡಿ, ಕೈಗವಸನ್ನು ಮೊದಲು ಹಳೆ ಪೇಪರಿಗೆ ಒರೆಸಿ. ಕೆಳಗಿನ ಪ್ಲಾಸ್ಟಿಕ್ ಮೇಲೆ ಬಿದ್ದ ಬಣ್ಣವೂ ಒಣಗಿದ ಮೇಲೆ ಹಾಳೆಯಾಗಿ ಎದ್ದು ಬರುತ್ತದೆ. ಅದನ್ನು ಕತ್ತರಿಸಿ ಬುಕ್‌ಮಾರ್ಕ್, ಕಿವಿಯೋಲೆ ಮಾಡುವವರಿದ್ದಾರೆ. ಕೆಲವು ಸಲ ಕ್ಯಾನ್ವಾಸ್‌ಗಿಂತ ಅದೇ ಸುಂದರವಾಗಿರುತ್ತದೆ.

ವಾರ್ನಿಶ್‌ಗೆ ಅವಸರ ಬೇಡ. ಒಣಗುವುದು ಬೇರೆ, ಒಳಗಿನ ತನಕ ಗಟ್ಟಿಯಾಗುವುದು ಬೇರೆ. ಮೂರು ನಾಲ್ಕು ವಾರ ಬಿಡಿ. ಫೆವಿಕಾಲ್ ಹಾಕಿದ ಚಿತ್ರಕ್ಕೆ ನೀರು ಬೆರೆತ ವಾರ್ನಿಶ್ ಅನ್ನು ಬ್ರಷ್‌ನಿಂದ ಉಜ್ಜಬೇಡಿ, ಅಂಟು ಮೆತ್ತಗಾಗಬಹುದು. ಸ್ಪ್ರೇ ವಾರ್ನಿಶ್ ಕೊಂಡು, ಕಿಟಕಿ ತೆರೆದಿಟ್ಟು, ತೆಳುವಾಗಿ ಎರಡು ಮೂರು ಪದರ ಹೊಡೆಯಿರಿ. ಪ್ರತಿ ಪದರ ಒಣಗಿದ ಮೇಲೆ ಮುಂದಿನದು. ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿಡುವುದಂತೂ ಬೇಡವೇ ಬೇಡ. ಸೆಕೆಗೆ ಅಕ್ರಿಲಿಕ್ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಎರಡೂ ಹಾಳು. ಗೋಡೆಗೆ ಹಾಕಲು ಜಾಗವಿಲ್ಲದಿದ್ದರೆ ಪುಸ್ತಕದಂತೆ ನೇರವಾಗಿ, ನಡುವೆ ಸಂದು ಬಿಟ್ಟು ನಿಲ್ಲಿಸಿ.